ಅವರಿಗೂ ಒಂದು ಊರು ಬೇಕು



ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯನ್ನು ಕುರಿತು ಬರೆಯುವ ಈ ಪತ್ರಿಕೆಯಲ್ಲಿ, ಈ ಸಲ ನಾನು ಎತ್ತಿಕೊಂಡಿರುವ ವಿಷಯ ನಿಮ್ಮಲ್ಲಿ ಕೆಲವರಿಗೆ ಹೊರಗಿನದು ಎನ್ನಿಸಬಹುದು. ಹೆಣ್ಣನ್ನೇ ಪ್ರೀತಿಸುವ ಹೆಣ್ಣು, ಗಂಡನ್ನೇ ಪ್ರೀತಿಸುವ ಗಂಡು ನಮ್ಮ ಸೀಮೆಯಲ್ಲಿ ಎಲ್ಲಿ ಬದುಕಬೇಕು, ಯಾವ ಊರು ಅವರನ್ನು ಇರಗೊಡುತ್ತದೆ ಎಂಬುದೇ ಆ ವಿಷಯ. ಇದು ಪಟ್ಟಣದವರ ಮಾತು, ನಮಗೇಕೆ ಎಂದು ಪುಟ ತಿರುವಬೇಡಿ. ಇದರ ಬೇರು ಇರುವುದು ನಮ್ಮ ಅಡುಗೆಮನೆಯಲ್ಲೇ, ನಾವು ಹಾಕಿಸುವ ಮದುವೆಯ ಚಪ್ಪರದಲ್ಲೇ.

ಕೆಲವು ತಿಂಗಳ ಹಿಂದೆ ಐರಣಿ ಕಡೆಯ ಒಬ್ಬ ತಾಯಿ ನನ್ನನ್ನು ಕೇಳಿದಳು: “ಅಕ್ಕಾರ, ನನ್ನ ಮಗಳು ಲಗ್ನ ಒಲ್ಲೆ ಅಂತಾಳ, ಗೆಳತಿ ಜೋಡಿ ಇರತೀನಿ ಅಂತಾಳ. ಅವರಣ್ಣ ದಿನಾ ಬಡೀತಾನ. ಇಂಥವರಿಗೆ ಯಾವ ಊರು ಸರಿ ಹೊಂದತೈತಿ ಹೇಳ್ರಿ.” ಮಗಳನ್ನು ಸರಿಮಾಡಿ ಕೊಡಿ ಎಂದು ಆಕೆ ಕೇಳಲಿಲ್ಲ, ಊರು ತೋರಿಸಿ ಎಂದಳು. ಇದು ದೊಡ್ಡ ಮಾತು.

ನಮ್ಮ ಹಳ್ಳಿಗಳಲ್ಲಿ ಇಂಥವರು ಇರಲೇ ಇಲ್ಲ ಎನ್ನುವುದು ಸುಳ್ಳು. ಗಂಡಾಗಿ ಹುಟ್ಟಿ ಸೀರೆ ಉಟ್ಟು ಎಲ್ಲಮ್ಮನ ಕೊಡ ಹೊತ್ತ ಜೋಗಪ್ಪಗಳನ್ನು ನಾವೆಲ್ಲ ನೋಡಿದ್ದೇವೆ, ಅವರ ಕಾಲಿಗೆ ನೀರು ಹಾಕಿದ್ದೇವೆ. ಜೋಗಪ್ಪಗಳ ಪ್ರಶ್ನೆ ಬೇರೆ, ಸಲಿಂಗಪ್ರೇಮಿಗಳ ಪ್ರಶ್ನೆ ಬೇರೆ. ಒಂದು ತಾನು ಗಂಡೋ ಹೆಣ್ಣೋ ಎಂಬುದಕ್ಕೆ ಸೇರಿದ್ದು, ಇನ್ನೊಂದು ತನ್ನ ಪ್ರೀತಿ ಯಾರ ಕಡೆಗೆ ಎಂಬುದಕ್ಕೆ ಸೇರಿದ್ದು. ಆದರೆ ಊರು ಇಬ್ಬರನ್ನೂ ನಡೆಸಿಕೊಳ್ಳುವ ರೀತಿ ಒಂದೇ. ಜಾತ್ರೆಯ ದಿನ ಕೈಮುಗಿಯುತ್ತದೆ, ಮರುದಿನ ಬಾಡಿಗೆಗೆ ಮನೆ ಕೇಳಿದರೆ ಬಾಗಿಲು ಹಾಕುತ್ತದೆ. ಜೋಗಪ್ಪನಿಗೆ ದೇವಿಯ ಆಸರೆಯಾದರೂ ಉಂಟು. ಇಬ್ಬರು ಹೆಣ್ಣುಮಕ್ಕಳ ಪ್ರೀತಿಗೆ ಯಾವ ದೇವಿಯ ಹೆಸರೂ ಇಲ್ಲ.

ಹಾಗಾದರೆ ಎಲ್ಲಿಗೆ ಹೋಗಬೇಕು? ರಾಣೆಬೆನ್ನೂರು, ದಾವಣಗೆರೆ, ಹುಬ್ಬಳ್ಳಿ ಹತ್ತಿರದ ಊರುಗಳು. ಹತ್ತಿರವಾಗಿರುವುದೇ ಅವುಗಳ ತೊಂದರೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯಲ್ಲಿ ಬೀಗರೋ ನೆಂಟರೋ ಸಿಕ್ಕೇ ಸಿಗುತ್ತಾರೆ. ಆದ್ದರಿಂದ ಎಲ್ಲರ ಕಣ್ಣೂ ಬೆಂಗಳೂರಿನ ಕಡೆಗೆ.

ಬೆಂಗಳೂರು ತಾನಾಗಿಯೇ ಉದಾರವಾದ ಊರಲ್ಲ, ಅದನ್ನು ಉದಾರ ಮಾಡಿದವರಿದ್ದಾರೆ. 1994ರಲ್ಲಿ ‘ಗುಡ್ ಆ್ಯಸ್ ಯು’ ಎಂಬ ಗುಂಪು ಅಲ್ಲಿ ಸೇರತೊಡಗಿತು. 1999ರಲ್ಲಿ ‘ಸಂಗಮ’ ಸಂಸ್ಥೆ ಹುಟ್ಟಿತು. ಇಂಗ್ಲಿಷ್ ಬಲ್ಲವರ ಜೊತೆಗೆ ಬಡವರು, ಕನ್ನಡ ಮಾತ್ರ ಬಲ್ಲವರು, ಬೀದಿಯಲ್ಲಿ ಪೊಲೀಸರ ಪೆಟ್ಟು ತಿಂದವರು ಅಲ್ಲಿಗೆ ಬಂದರು. ಪಿ.ಯು.ಸಿ.ಎಲ್.ನ ಕರ್ನಾಟಕ ಘಟಕ 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದೇ ಬೆಂಗಳೂರಿನ ಪಾರ್ಕುಗಳಲ್ಲಿ ಪೊಲೀಸರು ಇಂಥವರನ್ನು ಬೆದರಿಸಿ ಹಣ ಕೀಳುತ್ತಿದ್ದುದು, ಮನೆಯವರು ಬಲವಂತದಿಂದ ಮದುವೆ ಮಾಡುತ್ತಿದ್ದುದು ದಾಖಲಾಗಿದೆ. 2008ರ ಜೂನ್ 29ರಂದು ಆ ನಗರದ ಮೊದಲ ಹೆಮ್ಮೆಯ ಮೆರವಣಿಗೆ ಹೊರಟಾಗ ಎಷ್ಟೋ ಜನ ಗುರುತು ಸಿಕ್ಕೀತೆಂದು ಮುಖವಾಡ ಹಾಕಿಕೊಂಡಿದ್ದರು.

ಕಾನೂನಿನ ದಾರಿಯೂ ಅಷ್ಟೇ ದೀರ್ಘ. ಬ್ರಿಟಿಷರು 1860ರಲ್ಲಿ ಬರೆದ ದಂಡ ಸಂಹಿತೆಯ 377ನೇ ಕಲಮು ಈ ಪ್ರೀತಿಯನ್ನು ಅಪರಾಧವಾಗಿಸಿತ್ತು. 2009ರಲ್ಲಿ ದೆಹಲಿ ಹೈಕೋರ್ಟು, ಇಬ್ಬರು ವಯಸ್ಕರು ಒಪ್ಪಿ ನಡೆದರೆ ಅದು ಅಪರಾಧವಲ್ಲ ಎಂದಿತು. 2013ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟು, ಇದು ಅಪರಾಧವಲ್ಲ ಎಂದು ಖಚಿತವಾಗಿ ಹೇಳಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕನ್ನು ಮಾತ್ರ ಅದು ಕೊಡಲಿಲ್ಲ. ಅಂದರೆ ಇಂದು ಇಬ್ಬರು ವಯಸ್ಕ ಹೆಣ್ಣುಮಕ್ಕಳು ಒಂದೇ ಮನೆಯಲ್ಲಿ ಬಾಳುವುದು ತಪ್ಪಲ್ಲ, ಆದರೆ ಗಂಡಹೆಂಡಿರಿಗೆ ಸಿಗುವ ಕಾನೂನಿನ ಸವಲತ್ತು ಅವರಿಗಿಲ್ಲ.

ಬಳ್ಳಾರಿ ಜಿಲ್ಲೆಯ ಸಂಡೂರಿನಿಂದ ಬೆಂಗಳೂರಿಗೆ ಹೋದ ಲೇಖಕ ವಸುಧೇಂದ್ರ 2013ರಲ್ಲಿ ‘ಮೋಹನಸ್ವಾಮಿ’ ಎಂಬ ಕಥಾಸಂಕಲನ ತಂದರು. ತಾವು ಸಲಿಂಗಪ್ರೇಮಿ ಎಂಬುದನ್ನು ಅವರು ಕನ್ನಡದಲ್ಲೇ, ಎಲ್ಲರೆದುರು ಹೇಳಿದರು. ಅಂಥ ಮಾತು ಹೇಳಲು ಅವರಿಗೆ ವಿದ್ಯೆ, ನೌಕರಿ, ಸ್ವಂತ ಸಂಬಳದ ಬಲವಿತ್ತು. ನಮ್ಮ ಹೆಣ್ಣುಮಕ್ಕಳಿಗೆ ಏನಿದೆ?

ಇಲ್ಲಿಂದ ಪ್ರಶ್ನೆ ಹೆಣ್ಣಿನದಾಗುತ್ತದೆ. ಗಂಡುಹುಡುಗ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟರೆ ಊರು ಬುತ್ತಿ ಕಟ್ಟಿ ಕಳಿಸುತ್ತದೆ. ಹುಡುಗಿ ಹೊರಟರೆ ಯಾರ ಜೋಡಿ ಎಂದು ಕೇಳುತ್ತದೆ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ರಾಣೆಬೆನ್ನೂರಿನಲ್ಲಿ ಸರಕಾರಿ ಬಸ್ಸು ಹತ್ತಿದರೆ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್ ದಾರಿಗೆ ಹೆಣ್ಣುಮಕ್ಕಳು ದುಡ್ಡು ಕೊಡಬೇಕಿಲ್ಲ. ಆದರೆ ಬಸ್ಸು ಇಳಿದ ಮೇಲೆ? ಮುಂಗಡ ಕೇಳುವ ಮನೆ ಮಾಲೀಕ, ಜಾತಿ ಕೇಳುವ ಮಾಲೀಕ, ಮದುವೆ ಯಾವಾಗ ಎಂದು ಕೇಳುವ ಪಕ್ಕದ ಮನೆಯಾಕೆ ಅಲ್ಲೂ ಇದ್ದಾರೆ. ಗಾರ್ಮೆಂಟ್ಸ್ ಸಂಬಳದಲ್ಲಿ ಒಂದು ಕೋಣೆ ಹಿಡಿಯುವುದೇ ಕಷ್ಟ. ಊರಿನ ಹೆಸರು ದೊಡ್ಡದಾದ ಮಾತ್ರಕ್ಕೆ ಅದು ನಮ್ಮ ಹುಡುಗಿಯರಿಗೆ ಒಳ್ಳೆಯ ಊರಾಗುವುದಿಲ್ಲ.

ಒಳ್ಳೆಯ ಊರು ಯಾವುದು ಎಂದು ಕೇಳುವವರಿಗೆ ನನ್ನ ಲೆಕ್ಕ ಇಷ್ಟೇ. ಕೈಗೆ ತನ್ನದೇ ಕೂಲಿ ಸಿಗಬೇಕು. ಪ್ರಶ್ನೆ ಕೇಳದೆ ಒಂದು ಕೋಣೆ ಕೊಡುವವರಿರಬೇಕು. ಠಾಣೆಗೆ ಹೋದರೆ ನಗದೆ ದೂರು ಬರೆದುಕೊಳ್ಳಬೇಕು. ವೈದ್ಯರು ಇದನ್ನು ರೋಗ ಎನ್ನಬಾರದು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ತನ್ನಂಥವರು ನಾಲ್ಕು ಜನ ಕೂಡುವ ಜಾಗ ಇರಬೇಕು. ಈ ಐದೂ ಇಂದು ಹೆಚ್ಚು ಸಿಗುವುದು ಬೆಂಗಳೂರಿನಲ್ಲಿ, ನಿಜ. ಆದರೆ ಐದರಲ್ಲಿ ನಾವು ಇಲ್ಲೇ ಕಟ್ಟಿಕೊಳ್ಳಲಾಗದ್ದು ಯಾವುದು, ಯೋಚಿಸಿ.

ಈಗ ಮದುವೆಯ ಮಾತಿಗೆ ಬರುತ್ತೇನೆ. ಮಗ ಹೆಣ್ಣುಮಕ್ಕಳ ಕಡೆ ನೋಡುವುದಿಲ್ಲ ಎಂದು ತಿಳಿದಾಗ ನಮ್ಮ ಮನೆಗಳು ಮಾಡುವ ಮೊದಲ ಔಷಧ ಮದುವೆ. “ಒಂದು ಲಗ್ನ ಮಾಡ್ರಿ, ಎಲ್ಲಾ ಸರಿ ಆಗತೈತಿ.” ಯಾವುದೋ ಹಳ್ಳಿಯ ರೈತ ಗೋವಿನಜೋಳದ ದುಡ್ಡು, ಮೆಣಸಿನಕಾಯಿಯ ದುಡ್ಡು ಕೂಡಿಸಿ, ಸಾಲದ್ದಕ್ಕೆ ಸಾಲ ಮಾಡಿ, ಬಂಗಾರ ಹಾಕಿ ಮಗಳನ್ನು ಕೊಡುತ್ತಾನೆ. ಗಂಡ ಹತ್ತಿರ ಬರುವುದಿಲ್ಲ. ಅತ್ತೆ, “ನಿನ್ನ ಕಡೆ ತಪ್ಪೈತಿ” ಎನ್ನುತ್ತಾಳೆ. ಬಂಜೆ ಎನ್ನುತ್ತಾರೆ, ಇನ್ನಷ್ಟು ತಾ ಎನ್ನುತ್ತಾರೆ. ಅವನಿಗೂ ನೆಮ್ಮದಿಯಿಲ್ಲ, ಇವಳಿಗೂ ಬಾಳಿಲ್ಲ. ಒಬ್ಬನ ಗುಟ್ಟು ಮುಚ್ಚಲು ಒಬ್ಬಳ ಬದುಕನ್ನು ಹೊದಿಕೆ ಮಾಡುವುದು ವರದಕ್ಷಿಣೆ ಕೊಟ್ಟು ಕೊಳ್ಳುವ ಹಿಂಸೆಯಲ್ಲದೆ ಮತ್ತೇನು? ಅದೇ ಹುಡುಗಿ ಹೆಣ್ಣನ್ನು ಪ್ರೀತಿಸುವವಳಾಗಿದ್ದರೆ ಆಕೆಗೆ ಆ ಮನೆಯ ಪ್ರತಿ ರಾತ್ರಿಯೂ ಬಲಾತ್ಕಾರವೇ.

ಗೆಳತಿಯರೇ, ಹಿಂಸೆ ಗಂಡನ ಮನೆಯಲ್ಲಿ ಮಾತ್ರ ನಡೆಯುತ್ತದೆ ಎಂಬ ನಂಬಿಕೆಯನ್ನು ನಾವು ಬಿಡಬೇಕು. ತವರಿನಲ್ಲಿ ಅಣ್ಣ ಬಡಿದರೂ, ಅಪ್ಪ ಕೂಡಿಹಾಕಿದರೂ ಅದು ಹಿಂಸೆಯೇ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆ ಹೆಂಡತಿಗೆ ಮಾತ್ರ ಮೀಸಲಲ್ಲ. ಮಗಳಿಗೂ, ತಂಗಿಗೂ ಅನ್ವಯಿಸುತ್ತದೆ. ತಾಲ್ಲೂಕಿನ ಸಿ.ಡಿ.ಪಿ.ಓ. ಈ ಕಾಯಿದೆಯ ರಕ್ಷಣಾಧಿಕಾರಿ; ಆಕೆ ಅಲ್ಲಿ ದೂರು ಕೊಡಬಹುದು. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯಿದೆಯೇ ಹೇಳುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಹದಿನೆಂಟು ತುಂಬದ ಮಕ್ಕಳಿಗೆ 1098. ಈ ಅಂಕಿಗಳನ್ನು ಸಂಘದ ಗೋಡೆಯ ಮೇಲೆ ಬರೆಯಿರಿ.

ಕೋರ್ಟುಗಳೂ ಈಗ ಕೇಳಿಸಿಕೊಳ್ಳುತ್ತಿವೆ. 2022ರ ಮೇ ತಿಂಗಳಲ್ಲಿ ಮನೆಯವರು ಬೇರ್ಪಡಿಸಿದ್ದ ಇಬ್ಬರು ಯುವತಿಯರು ಒಟ್ಟಿಗೆ ಇರಬಹುದೆಂದು ಕೇರಳ ಹೈಕೋರ್ಟು ಹೇಳಿತು. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು, ತವರಿನವರು ಒತ್ತಾಯದಿಂದ ಇಟ್ಟುಕೊಂಡಿದ್ದ ಇಪ್ಪತ್ತೈದು ವರ್ಷದ ಯುವತಿಯನ್ನು ಆಕೆಯ ಇಚ್ಛೆಯಂತೆ ಹೋಗಗೊಟ್ಟಿತು. ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದಿತು. ಆ ಹುಡುಗಿಯನ್ನು ಪೊಲೀಸರೇ ತವರಿನವರ ಕೈಗೆ ಒಪ್ಪಿಸಿದ್ದರು. ಠಾಣೆಯ ಬಾಗಿಲಲ್ಲಿ ಅಂದು ನಾಲ್ಕು ಹೆಂಗಸರು ನಿಂತಿದ್ದರೆ ಆ ಮಾತು ಹೈಕೋರ್ಟಿನವರೆಗೆ ಹೋಗಬೇಕಿತ್ತೆ?

ಆ ನಾಲ್ಕು ಹೆಂಗಸರು ನಾವಾಗಬಹುದು. ಕೆಲವು ಕೆಲಸಗಳನ್ನು ಸೂಚಿಸುತ್ತೇನೆ. ಹೊರಡಲೇಬೇಕಾದ ಹುಡುಗಿ ಬರಿಗೈಯಲ್ಲಿ, ರಾತ್ರೋರಾತ್ರಿ ಓಡದಂತೆ ನೋಡಿಕೊಳ್ಳಿ. ಆಕೆಗೆ ಹದಿನೆಂಟು ತುಂಬಿರಲಿ, ಆಧಾರ್ ಮತ್ತು ಅಂಕಪಟ್ಟಿಗಳು ಆಕೆಯ ಕೈಯಲ್ಲಿರಲಿ, ಬ್ಯಾಂಕ್ ಖಾತೆ ಆಕೆಯ ಹೆಸರಲ್ಲಿರಲಿ, ಕೆಲಸದ ಮಾತು ಮೊದಲೇ ಆಗಿರಲಿ. ಕಾಣೆಯಾದಳೆಂದು ಮನೆಯವರು ದೂರು ಕೊಟ್ಟರೆ, ನಾನು ವಯಸ್ಕಳು, ನನ್ನ ಇಷ್ಟದಿಂದ ಬಂದಿದ್ದೇನೆ ಎಂದು ಹೇಳಿಕೆ ಕೊಡಲು ಆಕೆಯ ಜೊತೆ ಹೋಗಿ. ಊರಲ್ಲೇ ಇರುತ್ತೇನೆ ಎನ್ನುವವಳಿಗೆ ಹೊಲಿಗೆ ಯಂತ್ರಕ್ಕೆ, ಒಂದು ಎಮ್ಮೆಗೆ ಸಾಲ ಕೊಡಿ. ಆಕೆಯ ಗುಟ್ಟನ್ನು ಸಂಘದಿಂದ ಹೊರಗೆ ಬಿಡಬೇಡಿ. ಅದನ್ನು ಹೇಳುವ ಹಕ್ಕು ಆಕೆಯದು ಮಾತ್ರ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಠರಾವು. ನಮ್ಮ ಸಂಘಗಳ ಉಳಿತಾಯದ ಹಣ ಎಷ್ಟೋ ಸಲ ಮದುವೆಯ ಸಾಲವಾಗಿ ಹೋಗುತ್ತದೆ. ಹುಡುಗಿಯ ಮದುವೆಗಾಗಲಿ, ಹುಡುಗನ ಮದುವೆಗಾಗಲಿ ಸಾಲ ಮಂಜೂರು ಮಾಡುವ ಮೊದಲು ಸಂಘದ ಇಬ್ಬರು ಹೋಗಿ, ಅವರನ್ನು ಮನೆಯವರಿಲ್ಲದ ಕಡೆ ಕೂರಿಸಿ ಕೇಳಬೇಕು: ನಿನಗೆ ಈ ಮದುವೆ ಒಪ್ಪಿಗೆಯೇ? ಇಲ್ಲ ಎಂದರೆ ಯಾಕೆ ಎಂದು ಕೆದಕಬೇಡಿ. ಸಾಲ ಕೊಡಬೇಡಿ, ಅಷ್ಟೇ. ನಮ್ಮ ಹತ್ತಿಪ್ಪತ್ತು ರೂಪಾಯಿ ಕೂಡಿಟ್ಟ ಹಣ ಯಾರ ಕುತ್ತಿಗೆಗೂ ಉರುಳಾಗುವುದು ಬೇಡ.

ಈ ಬರಹವನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಿ, ಜಗಳವಾಡಿ, ಒಪ್ಪಿದರೆ ಠರಾವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಒಪ್ಪದಿದ್ದರೆ ಯಾಕೆಂದು ನಮಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಪತ್ರಗಳಿಗೆ ಜಾಗ ಇಟ್ಟಿದ್ದೇವೆ.