ಪಾಠದ ಗಂಟೆಯೂ ಗಂಟೆಯಾಚೆಯ ಪಾಡೂ

"ಕಾಲೇಜಿನ ಮೇಷ್ಟ್ರಿಗೇನು ಕಷ್ಟ? ದಿನಕ್ಕೆ ಮೂರು ಗಂಟೆ ಮಾತನಾಡಿ ಮನೆಗೆ ಬಂದರಾಯಿತು" ಎಂಬ ಮಾತು ನಮ್ಮ ಮನೆಗಳ ಜಗಲಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ರೈತನ ದುಡಿಮೆ ಹೊಲದಲ್ಲಿ ಕಾಣುತ್ತದೆ. ಬಡಗಿಯ ದುಡಿಮೆ ಬಾಗಿಲಿನ ಚೌಕಟ್ಟಿನಲ್ಲಿ ಕಾಣುತ್ತದೆ. ಅಧ್ಯಾಪಕನ ದುಡಿಮೆಯಾದರೋ ಗಂಟೆ ಬಾರಿಸಿದೊಡನೆ ಮುಗಿದುಹೋದಂತೆ ತೋರುತ್ತದೆ. ಅವನು ಹಲಗೆಯ ಮೇಲೆ ಬರೆದುದನ್ನೂ ಮುಂದಿನ ಗಂಟೆಯವರು ಒರಸಿಬಿಡುತ್ತಾರೆ. ಕಣ್ಣಿಗೆ ಕಾಣದ ಕೆಲಸವನ್ನು ಕೆಲಸವೇ ಅಲ್ಲವೆಂದು ಜನರು ಭಾವಿಸುವುದು ಸ್ವಾಭಾವಿಕವೇ. ಆದರೂ ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಗೃಹಸ್ಥರು ಈ ಕಾಣದ ಕೆಲಸವನ್ನು ಕೊಂಚಮಟ್ಟಿಗಾದರೂ ಅರಿತಿರುವುದು ಅವರ ಹಿತಕ್ಕೇ ಅವಶ್ಯಕವೆಂದು ತೋರಿದುದರಿಂದ, ಈ ತಿಂಗಳು ಅದನ್ನೇ ವಿಚಾರಮಾಡೋಣ.

ನಾವು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ನಿವೃತ್ತರಾದವರು. ಕಾಲೇಜಿನ ಪೀಠವನ್ನು ಏರಿದವರಲ್ಲ. ಆದರೆ ನಮ್ಮ ಬಳಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿದ ಹುಡುಗರಲ್ಲಿ ಹಲವರು ಈಗ ಬೇರೆ ಬೇರೆ ಊರುಗಳ ಕಾಲೇಜುಗಳಲ್ಲಿ ಉಪನ್ಯಾಸಕರಾಗಿದ್ದಾರೆ. ಹಬ್ಬಹುಣ್ಣಿಮೆಗಳಿಗೆ ಊರಿಗೆ ಬಂದಾಗ ನಮ್ಮನ್ನು ಕಂಡು ಹೋಗುವುದು ಅವರ ವಾಡಿಕೆ. ಹಿಂದೆ ಅವರು ಬಂದರೆ ಯಾವ ಪುಸ್ತಕ ಓದಿದೆವು, ಯಾವ ಪದ್ಯ ಪಾಠಮಾಡಿದೆವು ಎಂದು ಹೇಳುತ್ತಿದ್ದರು. ಈಚೆಗೆ ಅವರ ಬಾಯಲ್ಲಿ ಕಡತ, ನಮೂನೆ, ಅಂಕ, ವರದಿ ಎಂಬ ಮಾತುಗಳೇ ಹೆಚ್ಚಾಗಿವೆ. ಅವರಿಂದ ಕೇಳಿದುದನ್ನೂ ಸರ್ಕಾರದ ನಿಯಮಗಳಲ್ಲಿ ಇರುವುದನ್ನೂ ಕೂಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ.

ಮನೆವಾರ್ತೆಯ ಲೆಕ್ಕ ಬರೆಯುವಂತೆಯೇ ಇದನ್ನೂ ಬರೆದು ನೋಡಬಹುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಖಾಯಂ ಅಧ್ಯಾಪಕನಾದವನು ವರ್ಷದಲ್ಲಿ 30 ವಾರ, ವಾರಕ್ಕೆ 40 ಗಂಟೆ ದುಡಿಯತಕ್ಕದ್ದು. ಇದರಲ್ಲಿ ಸಹಾಯಕ ಪ್ರಾಧ್ಯಾಪಕನು ತರಗತಿಯಲ್ಲಿ ನಿಂತು ಪಾಠ ಹೇಳಬೇಕಾದುದು 16 ಗಂಟೆ. ಜಗಲಿಯ ಮೇಲಿನ ನಮ್ಮ ಮಿತ್ರರಿಗೆ ಕಾಣುವುದು ಈ 16 ಗಂಟೆ ಮಾತ್ರ. ಉಳಿದ 24 ಗಂಟೆ ಎಲ್ಲಿ ಹೋಯಿತು?

ಒಂದು ಗಂಟೆಯ ಪಾಠಕ್ಕೆ, ಎಷ್ಟೇ ಪಳಗಿದ ಮೇಷ್ಟ್ರಾದರೂ, ಒಂದು ಗಂಟೆಯಾದರೂ ಓದಿಕೊಳ್ಳಬೇಕು. ಹೊಸ ಪಾಠವಾದರೆ ಅದೂ ಸಾಲದು. ಅಲ್ಲಿಗೆ 16 ಗಂಟೆ ಖರ್ಚು. ಇನ್ನು ಪರೀಕ್ಷೆ. ಅವನ ಕೈಯಲ್ಲಿ ಅರುವತ್ತು ಅರುವತ್ತು ಮಕ್ಕಳ ಮೂರು ತರಗತಿಗಳಿವೆಯೆಂದು ಇಟ್ಟುಕೊಳ್ಳಿರಿ. ಸೆಮಿಸ್ಟರಿಗೆ ಎರಡು ಆಂತರಿಕ ಪರೀಕ್ಷೆಗಳಾದರೆ 360 ಉತ್ತರಪತ್ರಿಕೆಗಳು. ಒಂದೊಂದಕ್ಕೆ ಐದೇ ನಿಮಿಷವೆಂದರೂ 30 ಗಂಟೆ. 15 ವಾರಗಳಿಗೆ ಹಂಚಿದರೆ ವಾರಕ್ಕೆ ಎರಡು ಗಂಟೆ. ಹೀಗೆ 34 ಗಂಟೆ ಕಳೆದು ಕೈಯಲ್ಲಿ ಉಳಿಯುವುದು ಆರೇ ಗಂಟೆ.

ಈ ಆರು ಗಂಟೆಯೇ ನಮ್ಮ ಇಂದಿನ ವಿಷಯ. ಪಾಠ ಮುಗಿದ ಮೇಲೆ ಬಾಗಿಲ ಬಳಿ ಅನುಮಾನಿಸುತ್ತ ನಿಲ್ಲುವ ಹುಡುಗಿ, "ಸಾರ್, ಇದು ತಿಳಿಯಲಿಲ್ಲ" ಎಂದು ಕೇಳಲು ಧೈರ್ಯ ತಂದುಕೊಳ್ಳುವ ಹಳ್ಳಿಯ ಹುಡುಗ, ಶುಲ್ಕ ಕಟ್ಟಲಾರದೆ ಕಾಲೇಜು ಬಿಡಬೇಕೆಂದಿರುವ ಬಡವನ ಮಗ, ಇವರೆಲ್ಲರಿಗೂ ಸಲ್ಲಬೇಕಾದ ಗಂಟೆಗಳಿವು. ಮನುಷ್ಯನ ಬಾಳಿನಲ್ಲಿ ಒಬ್ಬ ಗುರು ನೆನಪಿನಲ್ಲಿ ಉಳಿಯುವುದು ಸಾಮಾನ್ಯವಾಗಿ ತರಗತಿಯ ಉಪನ್ಯಾಸದಿಂದಲ್ಲ, ಮೊಗಸಾಲೆಯಲ್ಲಿ ನಿಂತು ಆಡಿದ ಇಂಥ ಎರಡು ಮಾತುಗಳಿಂದ. ಆ ಆರು ಗಂಟೆಗಳನ್ನೇ ಈಗ ಕಾಗದವು ತಿನ್ನುತ್ತಿದೆ.

ಕಾಲೇಜುಗಳ ಗುಣವನ್ನು ಅಳೆಯುವುದಕ್ಕೆಂದು 1994ರಲ್ಲಿ ನ್ಯಾಕ್ ಎಂಬ ಸಂಸ್ಥೆ ಹುಟ್ಟಿತು. ಅದರ ಪ್ರಧಾನ ಕಛೇರಿ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಅಳೆಯಬೇಕೆಂಬ ಉದ್ದೇಶದಲ್ಲಿ ದೋಷವಿಲ್ಲ. ಆದರೆ ಅಳತೆಗೆ ಸಿಕ್ಕುವುದು ಕಾಗದದಲ್ಲಿ ಇರುವುದು ಮಾತ್ರವಾದುದರಿಂದ, ಮಾಡಿದ ಪ್ರತಿಯೊಂದಕ್ಕೂ ಸಾಕ್ಷಿ ಕೂಡಿಡುವುದೇ ಅಧ್ಯಾಪಕರಿಗೆ ಎರಡನೆಯ ಉದ್ಯೋಗವಾಗಿದೆ. ಗಿಡ ನೆಟ್ಟರೆ, ಸ್ಥಳವೂ ಹೊತ್ತೂ ಅಚ್ಚಾಗಿರುವ ಛಾಯಾಚಿತ್ರ ಬೇಕು. ಭಾಷಣ ನಡೆದರೆ ಹಾಜರಿಪಟ್ಟಿ, ಆಹ್ವಾನಪತ್ರಿಕೆ, ವರದಿ ಬೇಕು. ನಮ್ಮ ಶಿಷ್ಯರೊಬ್ಬರು ನಗುತ್ತಲೇ ಹೇಳಿದರು: "ಮೇಷ್ಟ್ರೇ, ಮೊದಲು ಕಾರ್ಯಕ್ರಮ ಮಾಡಿ ಫೋಟೋ ತೆಗೆಯುತ್ತಿದ್ದೆವು. ಈಗ ಫೋಟೋಕ್ಕಾಗಿ ಕಾರ್ಯಕ್ರಮ ಮಾಡುತ್ತೇವೆ." ಇದರ ಜೊತೆಗೆ ಪ್ರವೇಶದ ಕೆಲಸ, ವಿದ್ಯಾರ್ಥಿವೇತನದ ಅರ್ಜಿಗಳು, ಪರೀಕ್ಷಾ ಮೇಲ್ವಿಚಾರಣೆ, ಚುನಾವಣೆಯ ಕೆಲಸ, ರಾತ್ರಿ ಹತ್ತು ಗಂಟೆಗೆ ವಾಟ್ಸಾಪಿನಲ್ಲಿ, "ನಾಳೆ ಬೆಳಗ್ಗೆಯೊಳಗೆ ಈ ಪಟ್ಟಿ ಭರ್ತಿಮಾಡಿ ಕಳುಹಿಸತಕ್ಕದ್ದು" ಎಂಬ ಅಪ್ಪಣೆ.

ಅಂಕಗಳ ಕಥೆಯೂ ಹೀಗೆಯೇ. 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಸಾಧನೆಗೆಲ್ಲ ಅಂಕ ಕೊಟ್ಟು, ಬಡ್ತಿಗೆ ಇಷ್ಟು ಅಂಕ ಬೇಕೆಂದು ಗೊತ್ತುಮಾಡಿದರು. ಸಂಶೋಧನ ಲೇಖನಕ್ಕೂ ಅಂಕವಿದ್ದುದರಿಂದ, ಬರೆಯುವ ಹಂಬಲವಿದ್ದವರೂ ಇಲ್ಲದವರೂ ಬರೆಯಲೇಬೇಕಾಯಿತು. ಬೇಡಿಕೆಯಿದ್ದ ಕಡೆ ಅಂಗಡಿ ತೆರೆಯುವುದಷ್ಟೆ! ಹಣ ಕೊಟ್ಟರೆ ಯಾವುದನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಮಳೆಗಾಲದ ಅಣಬೆಗಳಂತೆ ಎದ್ದವು. 2018ರ ಮೇ ತಿಂಗಳಿನಲ್ಲಿ ಆಯೋಗವೇ ತಾನು ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಅದೇ ವರ್ಷ ಆ ಅಂಕದ ಪದ್ಧತಿಯನ್ನೂ ಸಡಿಲಿಸಿದರು; ಅನಂತರ 'ಕೇರ್' ಎಂಬ ಹೊಸ ಪಟ್ಟಿಯೊಂದನ್ನು ಏರ್ಪಡಿಸಿದರು. 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟರು. ನಡುವೆ ಎಷ್ಟು ಸಾಯಂಕಾಲಗಳು, ಎಷ್ಟು ರೂಪಾಯಿಗಳು ವ್ಯರ್ಥವಾದವೆಂಬುದಕ್ಕೆ ಯಾವ ಕಡತದಲ್ಲಿಯೂ ಕಾಲಮು ಇಲ್ಲ.

ಪಠ್ಯಕ್ರಮದ ಏರಿಳಿತವು ಮತ್ತೊಂದು. ನಮ್ಮ ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದು ನಾಲ್ಕು ವರ್ಷದ ಪದವಿಯ ಕ್ರಮವನ್ನು ಆರಂಭಿಸಿದರು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದರು. ಎರಡರಲ್ಲಿ ಯಾವುದು ಮೇಲೆಂಬ ವಾದ ನಮಗೆ ಇಲ್ಲಿ ಬೇಡ. ಆದರೆ ಒಂದೇ ಕಾಲೇಜಿನಲ್ಲಿ ಹಿರಿಯ ಮಕ್ಕಳಿಗೆ ಒಂದು ಕ್ರಮ, ಕಿರಿಯರಿಗೆ ಇನ್ನೊಂದು ಕ್ರಮ. ಬರೆದಿಟ್ಟುಕೊಂಡ ಟಿಪ್ಪಣಿಗಳು ಮೂರೇ ವರ್ಷಕ್ಕೆ ರದ್ದಿ. ಅಡುಗೆಗೆ ಒಲೆ ಹೊತ್ತಿಸಿದ ಮೇಲೆ ಎರಡು ಬಾರಿ ಪಾತ್ರೆ ಬದಲಾಯಿಸಿದರೆ ಅಡುಗೆಯವಳ ಪಾಡೇನಾದೀತೆಂಬುದನ್ನು ನಮ್ಮ ವಾಚಕ ಸೋದರಿಯರು ಬಲ್ಲರು.

ಇದನ್ನು ಓದಿ ಕೆಲವರು, "ಎಲ್ಲ ಮೇಷ್ಟ್ರುಗಳೂ ಸಾಧುಗಳೇನು? ಇಪ್ಪತ್ತು ವರ್ಷದ ಹಳೆಯ ಟಿಪ್ಪಣಿಯನ್ನು ಓದಿಹೇಳಿ ಸಂಬಳ ಎಣಿಸುವವರಿಲ್ಲವೆ?" ಎಂದು ಕೇಳಬಹುದು. ಇದ್ದಾರೆ. ಅಂಥವರನ್ನು ತಿದ್ದಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಸೋಮಾರಿಗೂ ಕಡತ ಬರೆಯಲು ಬರುತ್ತದೆ. ಬಹುಮಟ್ಟಿಗೆ ಅವನಿಗೇ ಅದಕ್ಕೆ ಬಿಡುವು ಹೆಚ್ಚು. ಕಾಳಿದಾಸನ ಮಾಲವಿಕಾಗ್ನಿಮಿತ್ರವನ್ನು ಓದಿದವರಿಗೆ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರ ಜಗಳವು ನೆನಪಿರಬಹುದು. ತಮ್ಮಲ್ಲಿ ಯಾರು ಮೇಲೆಂಬ ವ್ಯಾಜ್ಯವನ್ನು ಅವರು ರಾಜಸಭೆಗೆ ತಂದಾಗ, ತೀರ್ಪುಗಾರಳಾದ ಪರಿವ್ರಾಜಿಕೆಯು ಅವರ ಬಿರುದುಗಳನ್ನು ಎಣಿಸಲಿಲ್ಲ; ಇಬ್ಬರೂ ತಮ್ಮ ತಮ್ಮ ಶಿಷ್ಯೆಯರನ್ನು ರಂಗಕ್ಕೆ ತರಲೆಂದಳು. ವಿದ್ಯೆಯು ತನ್ನಲ್ಲಿ ಇರುವುದು ಬೇರೆ, ಅದನ್ನು ಇನ್ನೊಬ್ಬರಲ್ಲಿ ಇಳಿಸುವುದು ಬೇರೆ, ಎರಡನೆಯದು ಶಿಷ್ಯನಲ್ಲಿ ಮಾತ್ರ ಕಾಣುತ್ತದೆ ಎಂಬ ವಿವೇಕ ಆ ನಾಟಕದ ಸಭೆಗೆ ಇತ್ತು. ನಮ್ಮ ಅಳತೆಗಾರರು ಶಿಷ್ಯನನ್ನು ಹೊರಗೆ ನಿಲ್ಲಿಸಿ ಗುರುವಿನ ಕಡತವನ್ನು ಒಳಕ್ಕೆ ಕರೆದಿದ್ದಾರೆ.

ಇಷ್ಟು ಹೇಳಿದ್ದು ಖಾಯಂ ಕೆಲಸದವರ ಮಾತು. ಇವರಿಗಿಂತ ಕೆಳಗೆ ಇನ್ನೊಂದು ಪಂಕ್ತಿಯುಂಟು. ರಾಜ್ಯದ 400ಕ್ಕೂ ಮೇಲ್ಪಟ್ಟ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳ ಭಾರವನ್ನು ಬಹುಪಾಲು ಹೊತ್ತಿರುವವರು 'ಅತಿಥಿ ಉಪನ್ಯಾಸಕ'ರು. 2023ರ ಮುಷ್ಕರದ ಕಾಲಕ್ಕೆ ಅವರ ಸಂಖ್ಯೆ 10,000ವನ್ನು ಮೀರಿತ್ತು. ಒಂದೇ ರಾತ್ರಿ ತಂಗಿ ಮುಂದೆ ಹೋಗುವವನು ಅತಿಥಿಯೆಂದು ನಮ್ಮ ಸ್ಮೃತಿಕಾರರು ಅರ್ಥಹೇಳಿದರು. ಈ ಅತಿಥಿಗಳಾದರೋ ಹತ್ತು ಹದಿನೈದು ವರ್ಷಗಳಿಂದ ಅದೇ ಚಾವಡಿಯಲ್ಲಿ ತಂಗಿದ್ದಾರೆ. ಪ್ರತಿ ವರ್ಷದ ಕೊನೆಗೆ ಬಿಡುಗಡೆ. ಪ್ರತಿ ವರ್ಷದ ಮೊದಲಿಗೆ ಹೊಸ ಅರ್ಜಿ.

2022ರ ಜನವರಿಗೆ ಮೊದಲು ಇವರ ತಿಂಗಳ ಗೌರವಧನ ಅರ್ಹತೆಗೆ ತಕ್ಕಂತೆ 11,000 ಅಥವಾ 13,000 ರೂಪಾಯಿ. ಆಗ ಸರ್ಕಾರವು ಅದನ್ನು ಅರ್ಹತೆ ಮತ್ತು ಸೇವಾವಧಿಗೆ ಅನುಸಾರವಾಗಿ 26,000ದಿಂದ 32,000ದವರೆಗೆ ಏರಿಸಿತು. ಉಪಕಾರವೇ ಸರಿ. ಆದರೆ ಅದರೊಡನೆ ಒಬ್ಬೊಬ್ಬರ ಪಾಠದ ಹೊರೆಯನ್ನು ವಾರಕ್ಕೆ 15 ಗಂಟೆಗೆ ಹೆಚ್ಚಿಸಿದುದರಿಂದ, ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರಿಗೆ ಸಾಕಾಗಿ, ಕೆಲವರಿಗೆ ಊಟದ ಎಲೆಯೇ ತಪ್ಪಿತು. 2023ರ ನವೆಂಬರಿನಲ್ಲಿ ಇವರು ಮತ್ತೆ ಪಾಠ ನಿಲ್ಲಿಸಿ ಬೀದಿಗೆ ಬಂದರು. ಸೇವೆಗೆ ತಕ್ಕಂತೆ 5,000ದಿಂದ 8,000 ರೂಪಾಯಿಗಳ ಹೆಚ್ಚಳವೂ, 60 ವರ್ಷ ತುಂಬಿದಾಗ 5 ಲಕ್ಷ ರೂಪಾಯಿಗಳ ಇಡಿಗಂಟೂ ಪ್ರಕಟವಾದವು. ಅವರು ಮುಖ್ಯವಾಗಿ ಕೇಳಿದ್ದು ಸೇವೆಯ ಭದ್ರತೆ, ಅದು ದೊರೆಯಲಿಲ್ಲ.

ಭದ್ರತೆಯಿಲ್ಲದ ಬಾಳು ಎಂಥದೆಂಬುದನ್ನು ನಮ್ಮ ಶಿಷ್ಯನೊಬ್ಬನ ಬಾಯಿಂದ ಕೇಳಿದೆವು. ಅವನು ಹದಿನಾಲ್ಕು ವರ್ಷಗಳಿಂದ ಕನ್ನಡವನ್ನು ಬೋಧಿಸುತ್ತಿರುವ ಅತಿಥಿ. ಮನೆ ಕಟ್ಟಲು ಸಾಲಕ್ಕೆಂದು ಬ್ಯಾಂಕಿಗೆ ಹೋದನಂತೆ. ಮೇಜಿನ ಆಚೆ ಕುಳಿತಿದ್ದವನು ಇವನಲ್ಲಿಯೇ ಓದಿದ ಹುಡುಗ. ಎದ್ದು ನಿಂತು ಕುರ್ಚಿ ಕೊಟ್ಟ, ಕಾಫಿ ತರಿಸಿದ, ಅರ್ಜಿ ನೋಡಿ ತಲೆ ತಗ್ಗಿಸಿದ. "'ಸಾರ್, ನಿಮ್ಮದು ಇನ್ನೂ ಪರ್ಮನೆಂಟ್ ಆಗಲಿಲ್ಲವೇ?' ಅಂದ, ಮೇಷ್ಟ್ರೇ. ಅವನಿಗೆ ಬೇಸರವಾಗಬಾರದೆಂದು ನಾನೇ ಸಮಾಧಾನ ಹೇಳಿ ಬಂದೆ" ಎಂದು ಅವನು ಹೇಳಿದ. ನಾವು ಏನು ಹೇಳಬಹುದಾಗಿತ್ತು? ಒಳಗಿನಿಂದ ನಮ್ಮ ಮನೆಯವರು ಹೋಳಿಗೆ ತಂದು ಬಡಿಸಿ, "ಇನ್ನೊಂದು ಹಾಕಿಸಿಕೊಳ್ಳಪ್ಪ" ಎಂದರು. ಅತಿಥಿಗೆ ತಕ್ಕ ಸತ್ಕಾರ ಅವನಿಗೆ ದೊರೆಯುತ್ತಿದ್ದುದು ಅಷ್ಟೇ ಎಂದು ತೋರಿತು.

ಈ ವಿಚಾರ ಮನೆಮಂದಿಗೇಕೆ ಎನ್ನುವಿರಾ? ಮುಂದಿನ ವರ್ಷ ತಾನು ಅಲ್ಲಿರುವೆನೋ ಇಲ್ಲವೋ ಎಂದು ಅರಿಯದ ಮೇಷ್ಟ್ರು, ಎರಡನೆಯ ವರ್ಷದ ಹುಡುಗನಿಗೆ ಮೂರನೆಯ ವರ್ಷದ ಮಾತು ಹೇಳಲಾರ. ಕಡತದಲ್ಲಿ ಮುಳುಗಿದ ಮೇಷ್ಟ್ರು ಬಾಗಿಲ ಬಳಿ ನಿಂತ ಹುಡುಗಿಯನ್ನು ಕಾಣಲಾರ. ಅಧ್ಯಾಪಕನ ಆರು ಗಂಟೆ ಕಳೆದಾಗ ನಷ್ಟವಾಗುವುದು ಅವನಿಗಲ್ಲ. ಶುಲ್ಕ ತೆತ್ತು ಮಗುವನ್ನು ಕಳುಹಿಸಿದ ಮನೆಗೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೋದಾಗ, ಗೋಡೆಯ ಮೇಲೆ ತೂಗುಹಾಕಿದ ಶ್ರೇಣಿಯ ಪತ್ರವನ್ನು ನೋಡಿ ಸಂತೋಷಪಡಿರಿ. ಅನಂತರ, ಆ ವಿಷಯವನ್ನು ಬೋಧಿಸುವವರು ಎಷ್ಟು ಮಂದಿ, ಅವರಲ್ಲಿ ಮೂರು ವರ್ಷವೂ ಇರತಕ್ಕವರು ಎಷ್ಟು ಮಂದಿ ಎಂದು ವಿನಯದಿಂದ ಕೇಳಿರಿ. ತಂದೆತಾಯಿಗಳು ಕೇಳಿದ ಪ್ರಶ್ನೆಗೆ ಕಾಲೇಜು ಇಂದಲ್ಲ ನಾಳೆ ಉತ್ತರ ಸಿದ್ಧಮಾಡಲೇಬೇಕಾಗುತ್ತದೆ. ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ಮಕ್ಕಳು ನೋಡಿದರೇ ಎಂದು ವಿಚಾರಿಸಿರಿ. ಅಂಕ ಎಷ್ಟೆಂಬುದಕ್ಕಿಂತ, ಅಂಚಿನಲ್ಲಿ ಮೇಷ್ಟ್ರು ಏನಾದರೂ ಬರೆದಿದ್ದಾರೆಯೇ ಎಂದು ಕೇಳಿರಿ. ಬರೆದಿದ್ದರೆ, ಆ ಎರಡು ಸಾಲಿಗಾಗಿ ಅವರು ತಮ್ಮ ಮನೆಯ ಹೊತ್ತನ್ನು ಕೊಟ್ಟಿದ್ದಾರೆಂದು ತಿಳಿದು, ಮಗುವಿನ ಕೈಯಲ್ಲಿ ಒಂದು ಕೃತಜ್ಞತೆಯ ಚೀಟಿ ಕಳುಹಿಸಿರಿ. ಆ ಚೀಟಿಗೆ ಯಾವ ನಿಯಮಾವಳಿಯಲ್ಲಿಯೂ ಅಂಕವಿಲ್ಲ. ಆದರೂ ನಮ್ಮ ಶಿಷ್ಯರಲ್ಲಿ ಒಬ್ಬಿಬ್ಬರು ಅಂಥ ಚೀಟಿಗಳನ್ನು ಪುಸ್ತಕದ ನಡುವೆ ಜೋಪಾನವಾಗಿ ಇಟ್ಟುಕೊಂಡಿರುವುದನ್ನು ನಾವು ಕಂಡಿದ್ದೇವೆ.