ಮುನ್ನೂರು ರೂಪಾಯಿ ದಂಡ

ಎರಡು ತಿಂಗಳ ಹಿಂದೆ ಆಫೀಸಿನಲ್ಲಿ ಮೀಟಿಂಗ್ ನಡೆದಿರುವಾಗ ಡಲ್ಲಾಸಿನಿಂದ ಅಣ್ಣನ ವಾಟ್ಸಾಪ್ ಕಾಲ್ ಬಂತು. ಅಲ್ಲಿ ಆಗ ನಡುರಾತ್ರಿ. ಎದೆ ಧಸಕ್ ಅಂತು. ಹೊರಗೆ ಓಡಿ ಬಂದು ಎತ್ತಿಕೊಂಡರೆ ಅವನು ಕೇಳಿದ್ದು ಇಷ್ಟು: "ತಮ್ಮಾ, 2007ರ ದೀಪಾವಳಿ ಕೇಸಿನ ಕಾಗದ ಏನರ ಮನ್ಯಾಗ ಐತೇನು?"

ಅಣ್ಣ ಅಂದರೆ ದೊಡ್ಡಪ್ಪನ ಮಗ. ನಮ್ಮದು ಇಂಡಿ ತಾಲ್ಲೂಕಿನ ಒಂದು ಹಳ್ಳಿ, ಲಿಂಬಿ ತೋಟದ ಮನೆತನ. ಆ ದೀಪಾವಳಿ ಪಾಡ್ಯದ ರಾತ್ರಿ ಗುಡಿ ಹಿಂದಿನ ಗೋಡೆ ಹತ್ತಿರ ಹುಡುಗರೆಲ್ಲ ಅಂದರ್ ಬಾಹರ್ ಆಡ್ತಿದ್ದರು. ಪೊಲೀಸರು ಬಂದರು. ಐದು ಜನ ಸಿಕ್ಕರು, ಅದರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣನೂ ಒಬ್ಬ. ಪಂಚನಾಮೆಯಲ್ಲಿ ಒಂದಿಷ್ಟು ರೊಕ್ಕ, 52 ಇಸ್ಪೀಟ್ ಎಲೆ, ಹಾಸಿಕೊಂಡು ಕೂತಿದ್ದ ಒಂದು ಹಳೇ ಪೇಪರು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ, ಮುನ್ನೂರು ರೂಪಾಯಿ ದಂಡ ಬಿತ್ತು. ಮುದ್ದೇಬಿಹಾಳದ ಸೋದರಮಾವ ದಂಡ ಕಟ್ಟಿ ಕರಕೊಂಡು ಬಂದರು. ಕತೆ ಅಲ್ಲಿಗೆ ಮುಗೀತು ಅಂತ ಎಲ್ಲರೂ ತಿಳಿದಿದ್ದೆವು.

2020ರಲ್ಲಿ ಅಣ್ಣನಿಗೆ ಗ್ರೀನ್ ಕಾರ್ಡ್ ಸಿಕ್ಕಿತು. ಈಗ ಐದು ವರ್ಷ ತುಂಬಿ ಪೌರತ್ವಕ್ಕೆ ಅರ್ಜಿ ಹಾಕುವ ಹೊತ್ತು. ಅರ್ಜಿಯ ಹೆಸರು ಎನ್-400. ನಾನೂ ತೆಗೆದು ಓದಿದೆ. ನೀವು ಯಾವಾಗಲಾದರೂ ಬಂಧನಕ್ಕೆ ಒಳಗಾಗಿದ್ದೀರಾ, ಯಾವಾಗಲಾದರೂ ಕಾನೂನುಬಾಹಿರ ಜೂಜು ಆಡಿದ್ದೀರಾ ಅಂತ ಕೇಳುತ್ತೆ. ಆ "ಯಾವಾಗಲಾದರೂ" ಅನ್ನೋ ಪದ ದಪ್ಪ ದೊಡ್ಡ ಅಕ್ಷರದಲ್ಲಿದೆ. ಇಂಥ ದೇಶದಲ್ಲಿ, ಇಷ್ಟು ವರ್ಷದೊಳಗೆ ಅಂತ ಇಲ್ಲ. ಅಣ್ಣನಿಗೆ ಅಲ್ಲಿ ಒಮ್ಮೆ ಸ್ಪೀಡಿಂಗ್ ಟಿಕೆಟ್ ಬಿದ್ದಿತ್ತು. 500 ಡಾಲರಿಗಿಂತ ಕಡಿಮೆ ದಂಡದ ಟ್ರಾಫಿಕ್ ತಪ್ಪಿಗೆ, ಅರೆಸ್ಟ್ ಆಗಿರದಿದ್ದರೆ, ಕಾಗದಪತ್ರ ಕೊಡಬೇಕಿಲ್ಲ. ಆದರೆ ಇಸ್ಪೀಟಿಗೆ ಬೇಕು.

ಮನೆಯಲ್ಲಿ ಪಂಚಾಯ್ತಿ ಶುರುವಾಯ್ತು. ಸಿಂದಗಿ ಕಾಕಾ ಅಂದರು, "ಇಲ್ಲ ಅಂತ ಬರದು ಕಳಸು. ಹಳ್ಯಾಗಿನ ಇಸ್ಪೀಟು ಅಮೆರಿಕಾಕ ಹೆಂಗ ಗೊತ್ತಾಗತೈತಿ?" ನಿಜ ಹೇಳಬೇಕಂದರೆ ನನಗೂ ಮೊದಲು ಹಾಗೇ ಅನ್ನಿಸ್ತು. ಅಲ್ಲಿ ಬೆರಳಚ್ಚು ತಗೊಂಡು ನೋಡೋದು ಎಫ್‌ಬಿಐ ದಾಖಲೆಯನ್ನ. ನಮ್ಮ ತಾಲ್ಲೂಕಿನ ಪೆಟ್ಟಿ ಕೇಸ್ ಅದರಲ್ಲಿ ಎಲ್ಲಿರುತ್ತೆ?

ಆಗ ಅಣ್ಣ ಇನ್ನೊಂದು ವಿಷಯ ಬಾಯಿಬಿಟ್ಟ. ಗ್ರೀನ್ ಕಾರ್ಡ್ ಅರ್ಜಿಯಲ್ಲೂ ಇದೇ ಪ್ರಶ್ನೆ ಇತ್ತಂತೆ. ರೂಮ್‌ಮೇಟ್ ಮಾತು ಕೇಳಿ "ಇಲ್ಲ" ಅಂತ ಗುರುತು ಹಾಕಿದ್ದನಂತೆ. ಈಗ ಹಿಡಿದ ವಕೀಲರು ಅವನಿಗೆ ತಿಳಿಸಿ ಹೇಳಿದ್ದಾರೆ: ಅರ್ಜಿಗೆ ಮುಂಚಿನ ಐದು ವರ್ಷದಲ್ಲಿ ಎರಡು ಅಥವಾ ಹೆಚ್ಚು ಜೂಜಿನ ಶಿಕ್ಷೆ ಇದ್ದರೆ ಕಾನೂನೇ ಅಡ್ಡ ಬರುತ್ತೆ, ಹದಿನೆಂಟು ವರ್ಷ ಹಿಂದಿನ ಒಂದು ಇಸ್ಪೀಟ್ ಕೇಸಿಗೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ತೊಂದರೆ ಇರೋದು ಆ "ಇಲ್ಲ"ದಲ್ಲಿ. ಅವರು ಕೇಳೋ ಮುಂಚೆ ನೀನೇ ಹೇಳು. ಮುಚ್ಚಿಟ್ಟು ಪಡೆದ ಪೌರತ್ವವನ್ನ ಎಷ್ಟೋ ವರ್ಷ ಆದ ಮೇಲೂ ಕೋರ್ಟಿಗೆ ಹೋಗಿ ಕಿತ್ತುಕೊಳ್ಳಬಹುದು.

ದೊಡ್ಡಪ್ಪನ ಚಿಂತೆ ಬೇರೆ. "ಬಾಗೇವಾಡಿ ಬೀಗರಿಗೆ ಗೊತ್ತಾದರ ಏನಂದಾರು?" ಅತ್ತಿಗೆ ಬಸವನ ಬಾಗೇವಾಡಿಯವರು. ಮದುವೆ ಹೊತ್ತಿನಲ್ಲಿ ಈ ಕೇಸಿನ ಮಾತೇ ಎತ್ತಿರಲಿಲ್ಲ. (ಅಣ್ಣನೇ ಈಗ ಅತ್ತಿಗೆಗೆ ಹೇಳಿದ್ದಾನೆ. ಇದನ್ನು ಬರೆಯಲು ಅವರ ಒಪ್ಪಿಗೆಯೂ ಇದೆ.) ಎರಡನೆಯದು, ಉತಾರದಾಗಿನ ಹೆಸರು. ನಮ್ಮಲ್ಲಿ ಎರಡು ದೇಶದ ಪೌರತ್ವ ಇಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ಅಲ್ಲಿನವನಾದ ಕೂಡಲೇ ಇಲ್ಲಿಯದು ಹೋಯಿತು. ಓಸಿಐ ಕಾರ್ಡ್ ಇದ್ದವರು ಹೊಲ ತೋಟ ಕೊಳ್ಳುವಂತಿಲ್ಲ, ಆದರೆ ಹಿರಿಯರಿಂದ ಬಂದದ್ದನ್ನ ಇಟ್ಟುಕೊಳ್ಳಬಹುದು. ಇದನ್ನ ಮೂರು ಸಲ ಬಿಡಿಸಿ ಹೇಳಿದೆ. ಮೂರು ಸಲವೂ "ಕಾಗದ ತೋರಸು" ಅಂದರು.

ಕಾಗದ ತರೋ ಕೆಲಸ ನನ್ನ ಪಾಲಿಗೇ ಬಂತು. ರಜೆ ಹಾಕಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಕೋರ್ಟಿನಲ್ಲಿ ನಕಲಿಗೆ ಅರ್ಜಿ ಕೊಟ್ಟು ಮೂರು ಸಲ ಅಲೆದೆ. ಕೊನೆಗೆ ಸಿಕ್ಕಿದ್ದು ಒಂದು ಹಿಂಬರಹ: ಸದರಿ ಪೆಟ್ಟಿ ಪ್ರಕರಣದ ಕಡತ ಅವಧಿ ಮುಗಿದು ನಾಶಪಡಿಸಲಾಗಿದೆ. ಅದನ್ನ ಇಂಗ್ಲಿಷಿಗೆ ಮಾಡಿ, ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಿದೆ ಅಂತ ಸಹಿ ಹಾಕಿದೆ. ಅಮೆರಿಕಾದವರು ಅಷ್ಟನ್ನ ಒಪ್ಪುತ್ತಾರೆ. ಆದರೆ ಮೂಲ ದಾಖಲೆ ಇಲ್ಲದಿದ್ದಾಗ ಸಂಗತಿ ಕಣ್ಣಾರೆ ಬಲ್ಲ ಇಬ್ಬರ ಅಫಿಡವಿಟ್ ಬೇಕು.

ಒಬ್ಬರು ದಂಡ ಕಟ್ಟಿದ ಮುದ್ದೇಬಿಹಾಳದ ಮಾವ. ಇನ್ನೊಬ್ಬ ನಾನು.

ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ರಾತ್ರಿ ಹನ್ನೆರಡು ವರ್ಷದ ನಾನೂ ಅಲ್ಲೇ ಕೂತಿದ್ದೆ. ಪಟಾಕಿಗೆ ಕೊಟ್ಟ ರೊಕ್ಕದಾಗ ಐದು ರೂಪಾಯಿ ಬಾಹರ್ ಮೇಲೆ ಹಚ್ಚಿದ್ದೆ. ಸೀಟಿ ಕೇಳಿದ ಕೂಡಲೇ ಅಣ್ಣ ನನ್ನನ್ನ ಎತ್ತಿ ಗೋಡೆ ಆಚೆ ಇಳಿಸಿದ. ಅಷ್ಟರಾಗ ಅವನ ಕಾಲರ್ ಪೊಲೀಸರ ಕೈಯಲ್ಲಿತ್ತು. ನಾನು ಮನೆಗೆ ಓಡಿ ಬಂದು ಚಾದರ ಹೊದ್ದು ಮಲಗಿದ್ದೆ.

ನೋಟರಿ ಮುಂದೆ ಸಹಿ ಹಾಕುವ ಮೊದಲು ಅಫಿಡವಿಟ್ ಓದಿ ಹೇಳು ಅಂದರು ದೊಡ್ಡಪ್ಪ. ಓದಿದೆ. ಗೋಡೆ ತನಕ ಬಂದಾಗ ಧ್ವನಿ ಸಣ್ಣದಾಯ್ತು. ಅವರು ಚಷ್ಮಾ ತೆಗೆದು ಪಂಚೆ ಅಂಚಿಗೆ ಒರೆಸಿದರು.

"ಅವತ್ತ ಅಂವಗ ಕೋಲು ಮುರಿಯೂತನಕ ಹೊಡದೇನಿ. ನೀ ಇದ್ದಿ ಅಂತ ಒಂದ್ ಮಾತು ಆಡಲಿಲ್ಲ ನೋಡು."

ಸ್ವಲ್ಪ ಹೊತ್ತು ಬಿಟ್ಟು, "ಐದು ರೂಪಾಯಿ ಗೆದ್ದೆ ಏನು?" ಅಂತ ಕೇಳಿದರು.

"ಇಲ್ಲ ದೊಡ್ಡಪ್ಪಾ, ಎಲಿ ತಿರುವೂದರಾಗ ಪೊಲೀಸರು ಬಂದರು."

ಲಕೋಟೆ ಮೊನ್ನೆ ಡಲ್ಲಾಸು ತಲುಪಿದೆ. ಅಣ್ಣ "ಹೌದು" ಅಂತ ಗುರುತು ಹಾಕಿ, ಹಳೇ ಅರ್ಜಿಯ ಸುಳ್ಳಿಗೂ ಒಂದು ಪುಟ ವಿವರಣೆ ಸೇರಿಸಿ ಅರ್ಜಿ ಕಳಿಸಿದ್ದಾನೆ. ಇಂಟರ್‌ವ್ಯೂಗೆ ಇನ್ನೂ ಕರೆ ಬಂದಿಲ್ಲ.