ಖಟ್ ಅಂದರೆ ಸಾಕೇ?

ಮೊನ್ನೆ ಮಳೆ ನಿಂತ ಮೇಲೆ ಡೊಂಬಿವಲಿ ಎಂಐಡಿಸಿ ಕಡೆ ವಾಕಿಂಗ್ ಹೋಗಿದ್ದೆ. ರಸ್ತೆ ಬದಿಯಲ್ಲಿ ಕಂಟೇನರ್ ಹೊತ್ತ ಒಂದು ಟ್ರೇಲರ್. ಎಳೆಯುವ ಗಾಡಿ ಬಿಚ್ಚಿಕೊಂಡು ಹೋಗಿಯಾಗಿತ್ತು. ಟ್ರೇಲರಿನ ಎಡ ಮುಂಗಾಲು ಕೆಸರಲ್ಲಿ ಗೇಣುದ್ದ ಹೂತಿತ್ತು. ಚಕ್ರಕ್ಕೆ ಒಂದು ಕಲ್ಲೂ ಕೊಟ್ಟಿರಲಿಲ್ಲ. ಅದರ ಪಕ್ಕದಲ್ಲೇ ನಾಲ್ಕು ಜನ ಚಾ ಕುಡೀತಾ ನಿಂತಿದ್ರು! "ಈ ಡ್ರೈವರುಗಳಿಗೆ ಬುದ್ಧಿ ಇಲ್ಲ ಬಿಡಿ" ಅಂದ್ರು ಜೊತೆಗಿದ್ದವರು.

ನಾನು ಒಪ್ಪಲ್ಲ. ಬುದ್ಧಿ ಇಲ್ಲದವರು ಗೇಟಿನ ಒಳಗಿದ್ದೇವೆ. ಇಲ್ಲಿನ ಒಂದು ಕಾರ್ಖಾನೆಯ ಡಿಸ್ಪ್ಯಾಚಿನಲ್ಲಿ ಇಪ್ಪತ್ತೆರಡು ವರ್ಷ "ಜಲ್ದಿ ಕರೋ" ಅಂತ ಕೂಗಿದವನು ನಾನೇ.

1989ರಲ್ಲಿ ನ್ಹಾವಾ ಶೇವಾ ಬಂದರು ಶುರುವಾಯಿತು. ಆ ಬಂದರಿನ ಕಂಟೇನರುಗಳನ್ನು ಎಳೆಯುವ ಗಾಡಿಯ ಬೆನ್ನಿನ ಮೇಲೆ ಗ್ರೀಸ್ ಮೆತ್ತಿದ ಉಕ್ಕಿನ ತಟ್ಟೆ ಇರುತ್ತಲ್ಲ, ಅದೇ ಫಿಫ್ತ್ ವೀಲ್. ಟ್ರೇಲರಿನ ಹೊಟ್ಟೆಯಿಂದ ಇಳಿದ ಕಿಂಗ್ ಪಿನ್ ಅದರ ದವಡೆಯಲ್ಲಿ ಕೂರಬೇಕು. ಪಿನ್ನಿನ ದಪ್ಪ ಸಾಮಾನ್ಯವಾಗಿ ಎರಡೇ ಇಂಚು. ತುಂಬಿದ ಇಪ್ಪತ್ತಡಿ ಕಂಟೇನರ್ 30 ಟನ್ನಿನವರೆಗೂ ತೂಗಬಹುದು!

"ಖಟ್ ಅಂತಲ್ಲ, ನಡಿ" ಅಂತೀವಿ. ಸದ್ದು ಸಾಕ್ಷಿಯಲ್ಲ ಸ್ವಾಮಿ. ಟ್ರೇಲರ್ ಎತ್ತರ ಜಾಸ್ತಿಯಾದರೆ ಪಿನ್ ಸರಿಯಾಗಿ ಒಳಗೆ ಇಳಿಯದೆಯೇ ದವಡೆ ಮುಚ್ಚಿಕೊಳ್ಳಬಹುದು. ಟ್ರೇಲರಿನ ಬ್ರೇಕ್ ಹಿಡಿದಿರುವಾಗಲೇ ಮೆಲ್ಲಗೆ ಮುಂದಕ್ಕೆ ಎಳೆದು ನೋಡಬೇಕು. ಅದೂ ಸಾಲದು. ಕೆಳಗಿಳಿದು ಬ್ಯಾಟರಿ ಹಾಕಿ ನೋಡಬೇಕು: ತಟ್ಟೆಗೂ ಟ್ರೇಲರಿಗೂ ನಡುವೆ ಸಂದು ಇರಬಾರದು, ದವಡೆ ಪಿನ್ನಿನ ಸುತ್ತ ಮುಚ್ಚಿರಬೇಕು, ಹಿಡಿಕೆ ಪೂರಾ ಒಳಗೆ ಹೋಗಿರಬೇಕು. ಆಮೇಲೇ ಮುಂಗಾಲು ಎತ್ತೋದು.

ಬಿಚ್ಚುವಾಗಲೂ ಅಷ್ಟೇ. ಗಟ್ಟಿ ನೆಲ, ಬ್ರೇಕ್, ಚಕ್ರಕ್ಕೆ ಅಡೆ. ಮುಂಗಾಲು ಇಳಿಸಿ, ಗಾಳಿ ಪೈಪು ಮತ್ತು ಕರೆಂಟ್ ವೈರು ತೆಗೆದು, ಆಮೇಲೆ ಹಿಡಿಕೆ ಎಳೆಯೋದು. ಸ್ವಲ್ಪ ಮುಂದೆ ಬಂದು, ಗಾಡಿಯ ಚಾಸಿ ಇನ್ನೂ ಟ್ರೇಲರಿನ ಕೆಳಗಿರುವಾಗಲೇ ನಿಂತು, ಕಾಲು ಭಾರ ತಡೆದಿದೆಯಾ ಅಂತ ನೋಡಿ ಹೊರಡೋದು. ಎಲ್ಲ ಸೇರಿ ಹತ್ತು ಹದಿನೈದು ನಿಮಿಷದ ಕೆಲಸ.

ಆ ನಿಮಿಷ ಕೊಡದವರು ಯಾರು? ಒಮ್ಮೆ ವಿಜಾಪುರ ಕಡೆಯ ಡ್ರೈವರ್ ಒಬ್ಬ, "ಸಾಹೇಬ್ರ, ಒಂದೀಟ ಇಳದ ನೋಡ್ತೇನ್ರಿ" ಅಂದ. ನಾನು ವಾಚು ತೋರಿಸಿದೆ. ಗೇಟು ದಾಟಿ ಮೊದಲ ತಿರುವಿನಲ್ಲೇ ಟ್ರೇಲರ್ ಕಳಚಿ ಮೂತಿ ನೆಲಕ್ಕೆ ಬಡಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ನಷ್ಟ ಅವನ ಪಗಾರದಲ್ಲಿ ಕಟ್ ಆಯಿತು. ನಾನು ಬಾಯಿ ಬಿಡಲಿಲ್ಲ. ಆ ಗೇಣುದ್ದ ಹೂತ ಕಾಲು ನೋಡಿದಾಗ ನೆನಪಾದದ್ದು ಅವನ ಮುಖ.

"ಅದು ಡ್ರೈವರನ ಡ್ಯೂಟಿ" ಅಂತ ವಾದಿಸಬಹುದು. ಹೌದು, ಅವನದೇ. ಆದರೆ ದಿನಕ್ಕೆ ಎಂಟು ಗಂಟೆ ದುಡಿಮೆ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಬಂದರಿನ ಸಾಲಿನಲ್ಲಿ ರಾತ್ರಿಯೆಲ್ಲ ಕೂತು ಬಂದವನಿಗೆ, ಕ್ಲೀನರ್ ಕೂಡ ಇಲ್ಲದವನಿಗೆ, ಕೆಸರು ತೋರಿಸಿ "ಇಲ್ಲೇ ಬಿಚ್ಚು" ಅನ್ನೋದು ಯಾವ ಡ್ಯೂಟಿ?

ತಳೋಜಾ, ಭಿವಂಡಿ, ರಬಾಳೆಗಳ ಡಿಸ್ಪ್ಯಾಚಿನಲ್ಲಿ ನಮ್ಮವರು ಬಹಳ ಜನ ಇದ್ದೀರಿ. ಗೇಟಿನ ಒಳಗೇ ಒಂದಿಷ್ಟು ಕಾಂಕ್ರೀಟ್ ನೆಲ, ಎರಡು ದಪ್ಪ ಹಲಗೆ, ನಾಲ್ಕು ಅಡೆ, ಒಂದು ಬ್ಯಾಟರಿ ಕೇಳಿ ಇಡಿಸಿ. ಡ್ರೈವರ್ ಕೆಳಗಿಳಿದು ನೋಡಿದ ಮೇಲೇ ಗೇಟ್ ಪಾಸಿಗೆ ಸಹಿ ಹಾಕಿ. ವಾಚು ಆಮೇಲೆ ನೋಡಿದರಾಯ್ತು.